ಸ್ವಂತ ಲಾರಿಯೋ, ಗುತ್ತಿಗೆಯ ಲಾರಿಯೋ?

ಚಕ್ರಬಡ್ಡಿಯ ಲೆಕ್ಕವನ್ನು ಶಾಲೆಯಲ್ಲಿ ಕಲಿತು, ಪರೀಕ್ಷೆ ಮುಗಿದೊಡನೆ ಮರೆಯುವುದು ನಮ್ಮಲ್ಲಿ ಬಹುಮಂದಿಯ ವಾಡಿಕೆ. ಅದೇ ಲೆಕ್ಕವು ಒಬ್ಬ ದುಡಿಮೆಗಾರನ ನಾಲ್ಕು ವರ್ಷಗಳ ಗಳಿಕೆಯನ್ನು ಉಳಿಸಲೂಬಹುದು, ಕಳೆಯಲೂಬಹುದು. ಅಂಥ ಒಂದು ಪ್ರಸಂಗವನ್ನು ಈ ಸಲ ಪರಿಶೀಲಿಸೋಣ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ತಮ್ಮ ಲಾರಿಯನ್ನು ತಾವೇ ನಡೆಸುತ್ತ, ಸಾಗಣೆ ಕಂಪೆನಿಗಳ ಸರಕನ್ನು ಹೊತ್ತು, ಮೈಲಿಗೆ ಇಷ್ಟೆಂದೋ ಬಾಡಿಗೆಯಲ್ಲಿ ಇಷ್ಟು ಪಾಲೆಂದೋ ಹಣ ಪಡೆಯುವ ಸ್ವತಂತ್ರ ಚಾಲಕರಿದ್ದಾರೆ. ಡೀಸೆಲ್, ಟೈರು, ದುರಸ್ತಿ ಇವೆಲ್ಲವೂ ಸಾಮಾನ್ಯವಾಗಿ ಅವರ ಹೊಣೆಯೇ. ಇಂಥವರಿಗೆ ಲಾರಿ ಬೇಕಾದಾಗ ಎರಡು ದಾರಿಗಳುಂಟು: ಸಾಲ ಮಾಡಿ ಕೊಳ್ಳುವುದು, ಇಲ್ಲವೆ ವಾರವಾರವೂ ಬಾಡಿಗೆ ತೆತ್ತು ಗುತ್ತಿಗೆಗೆ ಹಿಡಿಯುವುದು.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಳೆಯ ಲಾರಿಯೊಂದರ ಬೆಲೆ 80,000 ಡಾಲರು. ಕೊಳ್ಳುವವನು 16,000 ಡಾಲರು ಮುಂಗಡ ಕೊಟ್ಟು, ಉಳಿದ 64,000ವನ್ನು ತಿಂಗಳಿಗೆ ಶೇಕಡ 1ರ ಬಡ್ಡಿಯಂತೆ 48 ಕಂತುಗಳಲ್ಲಿ ತೀರಿಸುತ್ತಾನೆ. ಕಂತು ಸುಮಾರು 1,685 ಡಾಲರು. ಮುಂಗಡವೂ ಸೇರಿ ಅವನು ತೆರುವುದು ಸುಮಾರು 96,900. ಲಾರಿ ಅವನದಾಗುತ್ತದೆ.

ಇನ್ನೊಬ್ಬನ ಕೈಯಲ್ಲಿ ಮುಂಗಡಕ್ಕೆ ಹಣವಿಲ್ಲ. ‘ಮುಂಗಡ ಬೇಡ, ಸಾಲದ ಪೂರ್ವಚರಿತ್ರೆಯನ್ನೂ ಕೇಳುವುದಿಲ್ಲ, ವಾರಕ್ಕೆ 700 ಡಾಲರು ಸಾಕು, ನಾಲ್ಕು ವರ್ಷಗಳಾದ ಮೇಲೆ ಲಾರಿ ನಿನ್ನದೇ’ ಎನ್ನುತ್ತದೆ ಕಂಪೆನಿ. 700 ಎಂಬುದು ಸಣ್ಣ ಸಂಖ್ಯೆಯಂತೆಯೇ ಕಾಣುತ್ತದೆ. ಆದರೆ 208 ವಾರಗಳಿಗೆ ಅದು 1,45,600 ಡಾಲರಾಗುತ್ತದೆ. ಇದರಲ್ಲಿ ಅಡಗಿರುವ ಬಡ್ಡಿಯೆಷ್ಟು? ಒಂದು ದರವನ್ನು ಊಹಿಸಿ, ಪ್ರತಿ ವಾರದ ಹಣವನ್ನೂ ಆ ದರದಲ್ಲಿ ಇಂದಿನ ಬೆಲೆಗೆ ಇಳಿಸಿ ಕೂಡಿಸಬೇಕು. ಮೊತ್ತವು 80,000 ಆಗುವವರೆಗೆ ಊಹೆಯನ್ನು ತಿದ್ದುತ್ತ ಹೋಗಬೇಕು. ಹೀಗೆ ಮಾಡಿದರೆ ವರ್ಷಕ್ಕೆ ಶೇಕಡ 33ರಿಂದ 34ರಷ್ಟು ದರ ದೊರೆಯುತ್ತದೆ. ಕರಾರಿನ ಕಾಗದದಲ್ಲಿ ‘ಬಡ್ಡಿ’ ಎಂಬ ಮಾತೇ ಇಲ್ಲದಿರಬಹುದು.

ನಮ್ಮ ದೃಷ್ಟಿಯಲ್ಲಿ ದರಕ್ಕಿಂತಲೂ ಮುಖ್ಯವಾದುದು ಬೇರೊಂದಿದೆ. ಮೂರು ವರ್ಷಗಳ ಬಳಿಕ ಇಬ್ಬರೂ ಕಾಯಿಲೆ ಬಿದ್ದು ದುಡಿಮೆ ನಿಲ್ಲಿಸಿದರೆನ್ನೋಣ. ಕೊಂಡವನ ಸಾಲ ಆಗ ಸುಮಾರು 19,000 ಉಳಿದಿರುತ್ತದೆ. ಲಾರಿ 35,000ಕ್ಕೆ ಮಾರಿಹೋದರೆ ಸಾಲ ತೀರಿ 16,000 ಅವನ ಕೈಗೆ ಬರುತ್ತದೆ. ಗುತ್ತಿಗೆಯವನು ಅಷ್ಟರಲ್ಲಿ 1,09,200 ಡಾಲರು ತೆತ್ತಿರುತ್ತಾನೆ. ಕರಾರು ಮುರಿದೊಡನೆ ಲಾರಿ ಕಂಪೆನಿಗೆ ಹಿಂತಿರುಗುತ್ತದೆ, ಅವನ ಕೈ ಬರಿದು. ಅದೇ ಲಾರಿಯನ್ನು ಕಂಪೆನಿ ಮತ್ತೊಬ್ಬನಿಗೆ ಮೊದಲಿನಿಂದ ಗುತ್ತಿಗೆ ಕೊಡಬಹುದು.

ಗುತ್ತಿಗೆಯೆಲ್ಲವೂ ಕೆಟ್ಟದ್ದೆಂದು ಇದರ ಅರ್ಥವಲ್ಲ. 2007 ಮತ್ತು 2010ರ ಹೊಗೆ ನಿಯಮಗಳ ತರುವಾಯ ಆ ದೇಶದ ಡೀಸೆಲ್ ಎಂಜಿನುಗಳಿಗೆ ಮಸಿಯನ್ನು ಸೋಸುವ ಫಿಲ್ಟರುಗಳೂ ಯೂರಿಯಾ ದ್ರಾವಣವನ್ನು ಚಿಮ್ಮಿಸುವ ಉಪಕರಣಗಳೂ ಸೇರಿವೆ. ಅವು ಕೆಟ್ಟರೆ ಹಳೆಯ ಲಾರಿಯ ಮಾಲೀಕನ ಒಂದು ತಿಂಗಳ ಗಳಿಕೆಯೇ ಹೋಗಬಹುದು. ದುರಸ್ತಿಯ ಹೊಣೆಯನ್ನು ಲಾರಿ ಕೊಡುವವರೇ ಹೊರುವ ಗುತ್ತಿಗೆಯಲ್ಲಿ ಬಾಡಿಗೆ ಹೆಚ್ಚಾದರೂ ನ್ಯಾಯವಾಗಿರಬಹುದು. ದುರಸ್ತಿಯೂ ಚಾಲಕನದು, ಒಡೆತನವೂ ಕಂಪೆನಿಯದು ಎಂಬಲ್ಲಿಯೇ ತೊಡಕು.

ಸರಕು ಕೊಡುವವರೂ ಲಾರಿ ಕೊಡುವವರೂ ಒಬ್ಬರೇ ಆದಾಗ ತೊಡಕು ಇಮ್ಮಡಿಯಾಗುತ್ತದೆ. ಈ ವಾರ ಸರಕು ಕಡಮೆ ಬಂದಿತೆಂದು ಬಾಡಿಗೆ ಕಡಮೆಯಾಗದು. ಕಂಪೆನಿ ಅದನ್ನು ಗಳಿಕೆಯಿಂದಲೇ ಮುರಿದುಕೊಳ್ಳುತ್ತದೆ. ಬೇರೆ ಕಂಪೆನಿಯ ಸರಕನ್ನು ಹೇರಲು ಕರಾರು ಬಿಡದಿದ್ದರೆ ‘ಸ್ವತಂತ್ರ’ ಎಂಬ ವಿಶೇಷಣ ಹೆಸರಿಗೆ ಮಾತ್ರ. 2021ರ ಕಾನೂನೊಂದರಂತೆ ಅಲ್ಲಿನ ಸರ್ಕಾರ ನೇಮಿಸಿದ ಕಾರ್ಯಪಡೆಯು ಇಂಥ ಕರಾರುಗಳನ್ನು ಪರಿಶೀಲಿಸಿ, 2025ರ ಜನವರಿಯ ವರದಿಯಲ್ಲಿ, ಸಾಗಣೆ ಕಂಪೆನಿಗಳು ನಡೆಸುವ ಗುತ್ತಿಗೆ-ಖರೀದಿ ಯೋಜನೆಗಳನ್ನು ನಿಷೇಧಿಸಬೇಕೆಂದು ಸಲಹೆ ಮಾಡಿತು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಅದೇ ಲಾರಿಗೆ ಬಾಡಿಗೆ ವಾರಕ್ಕೆ 500 ಡಾಲರು. 208 ವಾರಗಳ ಕೊನೆಗೆ ಇನ್ನೂ 30,000 ತೆತ್ತರೆ ಲಾರಿ ಚಾಲಕನದು. ಬಡ್ಡಿಯ ದರವೇನು? ಶೇಕಡ 23ರ ಆಸುಪಾಸಿನಲ್ಲಿ ಉತ್ತರ ಬಂದರೆ ಸರಿ. ಆ 30,000ವನ್ನು ಚಾಲಕನು ಎಲ್ಲಿಂದ ತರುವನೆಂಬುದನ್ನು ಲೆಕ್ಕ ಹೇಳುವುದಿಲ್ಲ.