ಊರಿನ ಗ್ರೂಪಿಗೆ ಹಾಕುವ ಮುಂಚೆ: ಆತ್ಮಹತ್ಯೆ ತಡೆಯುವ ಸಂದೇಶ ಬರೆಯೋದು, ಪರೀಕ್ಷಿಸೋದು ಹೇಗೆ?

ಮಳೆ ಕೈಕೊಟ್ಟಾಗ, ಬೆಲೆ ಬಿದ್ದಾಗ, ಪಕ್ಕದ ಊರಲ್ಲಿ ಒಂದು ಸಾವಾದಾಗ ನಮ್ಮ ವಾಟ್ಸಾಪ್ ಗ್ರೂಪುಗಳು ತುಂಬಿಹೋಗುತ್ತವೆ. ಸುದ್ದಿಯ ತುಣುಕು, ಫೋಟೊ, ಜೊತೆಗೊಂದು ಬುದ್ಧಿಮಾತು. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಅದೇ ಗ್ರೂಪಿನಲ್ಲಿ ಮೂರು ದಿನದಿಂದ ನಿದ್ದೆ ಇಲ್ಲದೆ ಕೂತವರೂ ಇರಬಹುದು. ನಮ್ಮ ಸಂದೇಶ ಓದಿದ ಮೇಲೆ ಅವರು ಏನು ಮಾಡ್ತಾರೆ? ಸಂದೇಶವನ್ನು ಅಳೆಯಬೇಕಾದದ್ದು ಈ ಒಂದು ಪ್ರಶ್ನೆಯಿಂದ. ಯುವಕ ಸಂಘ, ಸ್ವಸಹಾಯ ಸಂಘ, ಎಫ್‌ಪಿಒ, ಹಾಲಿನ ಡೈರಿ, ಹೀಗೆ ಯಾವುದೇ ಗ್ರೂಪ್ ನಡೆಸುವವರಿಗೆ ಈ ವಾರದ ಪಾಠ.

ಬರೆಯುವ ರೀತಿಯಿಂದ ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1980ರ ದಶಕದಲ್ಲಿ ಮೆಟ್ರೋ ರೈಲಿನ ಆತ್ಮಹತ್ಯೆಗಳನ್ನು ಪತ್ರಿಕೆಗಳು ದೊಡ್ಡದಾಗಿ, ವಿವರವಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರ ಸಲಹೆಯಂತೆ ಬರೆಯುವ ರೀತಿ ಬದಲಾಯಿತು. ಆಮೇಲೆ ಅಂಥ ಘಟನೆಗಳು ತೀವ್ರವಾಗಿ ಇಳಿದವು. ನಮ್ಮ ದೇಶದಲ್ಲೂ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳನ್ನು ಅನುಸರಿಸಿ, ಪತ್ರಿಕೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಇವತ್ತು ಹಳ್ಳಿಗೆ ಸುದ್ದಿ ಮೊದಲು ಬರೋದು ಫೋನಿನಲ್ಲಿ. ಹಾಗಾಗಿ ಆ ಎಚ್ಚರಿಕೆ ಗ್ರೂಪ್ ಅಡ್ಮಿನ್‌ಗೂ ಬೇಕು.

ಏನು ಬರೆಯಬಾರದು?

* ಸಾವು ಹೇಗಾಯಿತು, ಎಲ್ಲಿ ಆಯಿತು, ಚೀಟಿಯಲ್ಲಿ ಏನಿತ್ತು ಎಂಬ ವಿವರ ಬೇಡ. ಫೋಟೊ, ವಿಡಿಯೊ ಬೇಡವೇ ಬೇಡ. ಆ ಮನೆಯವರೂ ಗ್ರೂಪಿನಲ್ಲಿ ಇರ್ತಾರೆ ಎಂಬುದು ನೆನಪಿರಲಿ.
* "ಸಾಲಕ್ಕೆ ರೈತ ಬಲಿ" ಎಂದು ಒಂದೇ ಕಾರಣ ಕಟ್ಟಬೇಡಿ. ಸಾಲ ದೊಡ್ಡ ಭಾರ, ನಿಜ. ಆದರೆ ಸಾಮಾನ್ಯವಾಗಿ ಅದರ ಜೊತೆಗೆ ಮರ್ಯಾದೆಯ ಚಿಂತೆ, ಕಾಯಿಲೆ, ಕುಡಿತ, ಮನೆಯ ಜಗಳ ಸೇರಿಕೊಂಡಿರುತ್ತವೆ. ಸಾಲ ಇದ್ದವನಿಗೆ ಇದೊಂದೇ ದಾರಿ ಎನ್ನುವ ಅರ್ಥ ಹೋಗಬಾರದು.
* "ಪರಿಹಾರ" ಎಂಬ ಪದದ ಬಗ್ಗೆ ಹುಷಾರು. ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ: ಸಮಸ್ಯೆ ಬಗೆಹರಿಸುವ ದಾರಿ ಒಂದು, ಸರ್ಕಾರ ಕೊಡುವ ಹಣ ಇನ್ನೊಂದು. ಸಾವಿನ ಸುದ್ದಿಯ ಪಕ್ಕದಲ್ಲೇ ಪರಿಹಾರದ ಮೊತ್ತ ಹಾಕಿದರೆ ಕಷ್ಟದಲ್ಲಿರುವವರು ಅದನ್ನು ಬೇರೆಯೇ ರೀತಿ ಓದಿಕೊಳ್ಳಬಹುದು. ಆ ಮಾಹಿತಿ ಬೇಕಾದ ಕುಟುಂಬಕ್ಕೆ ನೇರವಾಗಿ ತಿಳಿಸಿ.
* "ಹೇಡಿಗಳು ಸಾಯ್ತಾರೆ", "ಅನ್ನದಾತ ಸೋಲಬಾರದು" ಇಂಥ ಮಾತು ಬೇಡ. ಮೊದಲನೆಯದು ಅವಮಾನ. ಎರಡನೆಯದು ಹೊಗಳಿಕೆಯಂತೆ ಕಂಡರೂ, ಸೋತೆ ಎಂದುಕೊಂಡವನ ಬೆನ್ನಿಗೆ ಇನ್ನೊಂದು ಮೂಟೆ.

ಯೋಜನೆ: ನಾಲ್ಕು ಹೆಜ್ಜೆ

1. ಯಾರಿಗೆ? "ಎಲ್ಲಾ ರೈತರಿಗೆ" ಎಂದು ಬರೆದದ್ದು ಯಾರಿಗೂ ತಾಗೋದಿಲ್ಲ. ಗುತ್ತಿಗೆಗೆ ಜಮೀನು ಮಾಡುವವರು, ಕೈಸಾಲ ಮಾಡಿಕೊಂಡ ಯುವಕರು, ಗಂಡನನ್ನು ಕಳೆದುಕೊಂಡು ಬೇಸಾಯ ಹೊತ್ತ ಹೆಣ್ಣುಮಕ್ಕಳು, ಒಬ್ಬೊಬ್ಬರ ಕಷ್ಟ ಬೇರೆ. ಒಂದು ಸಂದೇಶ, ಒಂದು ಗುಂಪು.

2. ಯಾವ ಮಾತು? "ಮಾನಸಿಕ ರೋಗ" ಎಂದ ತಕ್ಷಣ ಹಳ್ಳಿಯಲ್ಲಿ "ನನಗೇನು ಹುಚ್ಚಾ?" ಅಂತಾರೆ. ಜನ ತಮ್ಮ ಸಂಕಟ ಹೇಳಿಕೊಳ್ಳೋದು ಬೇರೆ ಮಾತಲ್ಲಿ: ತಲೆ ಬಿಸಿ, ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಎದೆ ಭಾರ, ಯಾವುದರಲ್ಲೂ ಮನಸ್ಸಿಲ್ಲ. ಆ ಮಾತನ್ನೇ ಬಳಸಿ. ಕಲಬುರಗಿ ಕಡೆಯ ಮಾತು ಮಂಡ್ಯಕ್ಕೆ ಹೊಂದೋದಿಲ್ಲ, ಆದ್ದರಿಂದ ಬೇರೆ ಜಿಲ್ಲೆಯ ಸಂದೇಶವನ್ನು ಹಾಗೇ ಕಾಪಿ ಮಾಡಬೇಡಿ. ಓದಲು ಬಾರದವರಿಗೆ ಒಂದು ನಿಮಿಷದ ಧ್ವನಿ ಸಂದೇಶ ಮಾಡಿ. ತಾಂಡಾದಲ್ಲಿ ಲಂಬಾಣಿ ಭಾಷೆಯಲ್ಲಿ ಹೇಳಿದರೆ ಇನ್ನೂ ಹತ್ತಿರವಾಗುತ್ತದೆ.

3. ಯಾವಾಗ? ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ, ಅವತ್ತು ಹಾಕೋದು ಸರಿ. ಆದರೆ ಕಷ್ಟಕ್ಕೆ ಕ್ಯಾಲೆಂಡರ್ ಇಲ್ಲ. ಬೆಳೆ ಹಾನಿಯಾದ ವಾರ, ಸಾಲ ಕಟ್ಟುವ ಗಡುವು, ಬ್ಯಾಂಕಿನ ನೋಟಿಸು ಬರುವ ತಿಂಗಳು, ಕೈಯಲ್ಲಿ ಕಾಸಿಲ್ಲದ ಹಬ್ಬದ ಹಿಂದಿನ ದಿನಗಳು, ಇವನ್ನು ಮೊದಲೇ ಗುರುತು ಹಾಕಿಕೊಳ್ಳಿ.

4. ಮುಂದೇನು? ಪ್ರತಿ ಸಂದೇಶದ ಕೊನೆಗೆ ಇವತ್ತೇ ಮಾಡಬಹುದಾದ ಒಂದು ಕೆಲಸ ಇರಲಿ. ಟೆಲಿ-ಮಾನಸ್ 14416 ಸಂಖ್ಯೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ. ಕರೆ ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ. ಸಂಖ್ಯೆಯ ಜೊತೆ ಊರಲ್ಲಿ ನಂಬಿಕೆಯಿರುವ ಒಬ್ಬರ ಹೆಸರೂ ಇರಲಿ, ಅವರ ಒಪ್ಪಿಗೆ ಪಡೆದೇ ಹಾಕಿ.

ಮಾದರಿ ಸಂದೇಶ

"ಅಣ್ಣಾ, ಅಕ್ಕಾ, ಈ ಸಲ ಮಳೆ ಕೈಕೊಟ್ಟು ಬಹಳ ಮನೆಗಳಲ್ಲಿ ಚಿಂತೆ ಇದೆ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ಸುತ್ತೆ ಅಂದ್ರೆ ಒಬ್ಬರೇ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳಲ್ಲ, ರಾತ್ರಿನೂ ಎತ್ತುತ್ತಾರೆ. ಬ್ಯಾಂಕಿಗೋ ಆಸ್ಪತ್ರೆಗೋ ಹೋಗೋಕೆ ಜೊತೆ ಬೇಕಾದ್ರೆ ನನಗೆ ಹೇಳಿ, ಬರ್ತೀನಿ. ಮಾತು ನಮ್ಮಿಬ್ಬರಲ್ಲೇ ಇರುತ್ತೆ."

ಮೊದಲು ಒಂದು ಗುಂಟೆಯಲ್ಲಿ

ಹೊಸ ಬೀಜವನ್ನು ಯಾರೂ ಇಡೀ ಹೊಲಕ್ಕೆ ಹಾಕೋದಿಲ್ಲ. ಸಂದೇಶವೂ ಹಾಗೆ. ಗ್ರೂಪಿಗೆ ಹಾಕುವ ಮುಂಚೆ ಐದಾರು ಜನರಿಗೆ ತೋರಿಸಿ: ಒಬ್ಬ ಹಿರಿಯರು, ಒಬ್ಬ ಕೂಲಿ ಕಾರ್ಮಿಕರು, ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು, ಒಬ್ಬ ಯುವಕ, ಆಶಾ ಕಾರ್ಯಕರ್ತೆ. ಈಚೆಗೆ ಮನೆಯಲ್ಲಿ ಸಾವು ಕಂಡವರನ್ನು ಇದಕ್ಕೆ ಕರೆಯಬೇಡಿ.

"ಚೆನ್ನಾಗಿದೆಯಾ?" ಎಂದು ಕೇಳಬೇಡಿ. ಮುಖ ನೋಡಿ ಎಲ್ಲರೂ "ಚೆನ್ನಾಗೈತೆ" ಅಂತಾರೆ. ಬದಲಿಗೆ ಕೇಳಿ:

* ಇದರಲ್ಲಿ ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ?
* ಇದು ಯಾರಿಗೆ ಬರೆದಂಗಿದೆ?
* ಓದಿದವರಿಗೆ ನಾಚಿಕೆ, ನೋವು ಆಗುವ ಮಾತು ಇದೆಯಾ?
* ಕಷ್ಟ ಬಂದ್ರೆ ಈ ನಂಬರಿಗೆ ಮಾಡ್ತೀರಾ? ಇಲ್ಲ ಅಂದ್ರೆ ಯಾಕೆ?

ಕೊನೆಯ ಪ್ರಶ್ನೆಯ ಉತ್ತರವೇ ಚಿನ್ನ. "ಪೊಲೀಸ್ ಕೇಸ್ ಆಗುತ್ತೆ" ಎಂದು ಒಬ್ಬರು ಹೆದರಬಹುದು. ಆಗ ಒಂದು ಸಾಲು ಸೇರಿಸಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಸಹಾಯ ಕೇಳುವುದು ಅಪರಾಧವಲ್ಲ.

ಕಳಿಸಿದ ಮೇಲೆ ಅಳೆಯೋದು

ಎಷ್ಟು ನೀಲಿ ಟಿಕ್, ಎಷ್ಟು ಕೈಮುಗಿದ ಗುರುತು ಬಂತು ಎಂಬುದು ಫಲ ಅಲ್ಲ. ಊರಲ್ಲಿ ಈ ವರ್ಷ ಸಾವಾಗಲಿಲ್ಲ ಎಂದು ಸಂದೇಶವೇ ಗೆದ್ದಿತು ಎನ್ನಲೂ ಬರೋದಿಲ್ಲ, ಒಂದು ಊರಿನ ಲೆಕ್ಕ ಅಷ್ಟು ಚಿಕ್ಕದು. ಹದಿನೈದು ದಿನ ಬಿಟ್ಟು ಹತ್ತು ಜನರನ್ನು ಕೇಳಿ: ನಂಬರ್ ನೆನಪಿದೆಯಾ, ಫೋನಿನಲ್ಲಿ ಸೇವ್ ಆಗಿದೆಯಾ, ಇದರ ಬಗ್ಗೆ ಮನೆಯಲ್ಲಿ ಮಾತಾಡಿದಿರಾ? ಸಂಪರ್ಕದ ವ್ಯಕ್ತಿಗೆ ಎಷ್ಟು ಜನ ಖಾಸಗಿಯಾಗಿ ಫೋನ್ ಮಾಡಿದರು ಎಂಬ ಸಂಖ್ಯೆ ಮಾತ್ರ ಬರೆದಿಡಿ. ಹೆಸರು ಬರೆಯಬೇಡಿ. ಯಾರೂ ಮಾಡದಿದ್ದರೆ ಮಾತು ಬದಲಿಸಿ, ಇಲ್ಲವೇ ವ್ಯಕ್ತಿ ಬದಲಿಸಿ.

ಯಾರಾದರೂ ಉತ್ತರ ಬರೆದರೆ?

ಸಂದೇಶ ಹಾಕುವ ಮುಂಚೆಯೇ ಇದಕ್ಕೆ ತಯಾರಾಗಿ. "ಸಾಕಾಗಿದೆ" ಎಂದು ಯಾರಾದರೂ ಬರೆದರೆ ಗ್ರೂಪಿನಲ್ಲಿ ಚರ್ಚೆ ಬೇಡ, ತಕ್ಷಣ ಫೋನ್ ಮಾಡಿ, ಆದರೆ ಮನೆಗೇ ಹೋಗಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಹೌದು ಎಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಅಪಾಯ ಕಂಡರೆ 108 ಅಥವಾ 112ಕ್ಕೆ ಕರೆ ಮಾಡಿ. ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ನೀವೇ ಜೊತೆಗೆ ಹೋಗಿ.

ಈ ವಾರದ ಕೆಲಸ: 14416 ನಿಮ್ಮ ಫೋನಿನಲ್ಲಿ ಸೇವ್ ಮಾಡಿ. ಮೇಲಿನ ಮಾದರಿಯನ್ನು ನಿಮ್ಮೂರ ಮಾತಿಗೆ ತಿರುಗಿಸಿ ಐದು ಜನರಿಗೆ ಓದಿ ಹೇಳಿ. ಅವರು ತಿದ್ದಿದ ಮೇಲೆ ಗ್ರೂಪಿಗೆ ಹಾಕಿ. ಇದನ್ನು ಓದುತ್ತಿರುವ ನಿಮಗೇ ಮನಸ್ಸು ಭಾರವಾಗಿದ್ದರೆ ಆ ಮೊದಲ ಕರೆ ನಿಮ್ಮದೇ ಆಗಲಿ.