ಗೋಬರ್ ಗ್ಯಾಸಿನ ಗುಂಡಿಗೂ ಹದವಾದ ಮೇವು ಬೇಕು



2 ಘನಮೀಟರಿನ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸೆಗಣಿ ಬೇಕು. ಬೇಸಿಗೆಯಲ್ಲಿ ಮೇವು ಸಾಲದೆ ಒಂದೆರಡು ದನ ಮಾರಿದರೆ ಸೆಗಣಿ ಅರ್ಧಕ್ಕೆ ಇಳಿಯುತ್ತದೆ, ಮನೆಯ ಹೆಣ್ಣುಮಕ್ಕಳು ಮತ್ತೆ ಹೊಗೆಯ ಒಲೆಯ ಮುಂದೆ ಕೂರಬೇಕಾಗುತ್ತದೆ. ಆಗ ಕೈಗೆ ಸಿಕ್ಕಿದ್ದನ್ನೆಲ್ಲ ಗುಂಡಿಗೆ ಸುರಿಯೋಣವೆನಿಸುವುದು ಸಹಜ. ಕಮಲಾಪುರದ ಕಡೆ ಗೊನೆ ಕಡಿದ ಕೆಂಬಾಳೆಯ ದಿಂಡು ಇದೆ, ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ತೊಗರಿಯ ಹೊಟ್ಟು ಇದೆ, ಜೋಳದ ಕಣಿಕೆಯಂತೂ ಊರೂರಲ್ಲಿದೆ. ಆದರೆ ಸುರಿಯುವ ಮೊದಲು ಗುಂಡಿಯೊಳಗಿನ ಕೆಲಸವನ್ನು ತಿಳಿದುಕೊಳ್ಳಿರಿ.

ಅನಿಲವನ್ನು ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು. ಅವುಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಒಂದು ಪಂಗಡ ಕಸವನ್ನು ಕೊಳೆಸಿ ಹುಳಿ ಮಾಡುತ್ತದೆ. ಇನ್ನೊಂದು ಆ ಹುಳಿಯನ್ನು ತಿಂದು ಉರಿಯುವ ಮೀಥೇನ್ ಅನಿಲವನ್ನು ಬಿಡುತ್ತದೆ. ಹುಳಿ ಮಾಡುವವು ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ. ಅನಿಲ ಮಾಡುವವಕ್ಕೆ ದಿನಗಳೇ ಬೇಕು. ಮೊದಲನೆಯವು ಮುಂದೆ ಓಡಿದರೆ ಗುಂಡಿಯಲ್ಲಿ ಹುಳಿ ನಿಂತು, ಎರಡನೆಯವು ಸಾಯುತ್ತವೆ.

ಇವುಗಳ ಮೇವಿನಲ್ಲಿ ಇಂಗಾಲ ಮತ್ತು ಸಾರಜನಕ ಎರಡೂ ಇರಬೇಕು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 20ರಿಂದ 30 ಪಾಲು. ದನದ ಸೆಗಣಿ ಹೆಚ್ಚು ಕಡಿಮೆ ಈ ಹದದಲ್ಲೇ ಇರುತ್ತದೆ. ಕಣಿಕೆಯಲ್ಲಿ ಇಂಗಾಲ ಇದರ ಎರಡು ಪಟ್ಟಿಗೂ ಮಿಗಿಲು. ಅದನ್ನೇ ತುಂಬಿದರೆ ಜೀವಿಗಳು ಸಾರಜನಕವಿಲ್ಲದೆ ಬೆಳೆಯಲಾರವು. ಕೋಳಿ ಗೊಬ್ಬರದಲ್ಲಿ ಇಂಗಾಲ 10 ಪಾಲಿನ ಆಸುಪಾಸು ಮಾತ್ರ. ಅದು ಅತಿಯಾದರೆ ಉಳಿದ ಸಾರಜನಕ ಅಮೋನಿಯವಾಗಿ ಅನಿಲದ ಜೀವಿಗಳಿಗೇ ವಿಷವಾಗುತ್ತದೆ. ಹೊಲಕ್ಕೆ ಒಳ್ಳೆಯದೆಂದು ಗುಂಡಿಗೂ ಹಿಡಿ ಯೂರಿಯ ಹಾಕಬೇಡಿರಿ.

ಸೆಗಣಿಯ ಗುಣ ಇಷ್ಟಕ್ಕೇ ಮುಗಿಯದು. ಅನಿಲದ ಜೀವಿಗಳು ದನದ ಹೊಟ್ಟೆಯಿಂದಲೇ ಬರುತ್ತವೆ. ಅವುಗಳಿಗೆ ಅತ್ಯಲ್ಪವಾಗಿ ಬೇಕಾಗುವ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಸಹ ಸೆಗಣಿಯಲ್ಲಿವೆ. ನಿಕ್ಕಲ್ ಇಲ್ಲದೆ ಮೀಥೇನ್ ಆಗುವುದೇ ಇಲ್ಲ. ಆದುದರಿಂದ ಬೇರೆ ಏನು ಹಾಕಿದರೂ ಹೆಚ್ಚಿನ ಪಾಲು ಸೆಗಣಿಯೇ ಇರಲಿ.

ಬಾಳೆ ದಿಂಡನ್ನು ಬೆರಳುದ್ದಕ್ಕಿಂತ ಸಣ್ಣಗೆ ಕೊಚ್ಚಿ, ನಾಲ್ಕಾರು ದಿನ ಕೊಳೆಸಿ, ಸೆಗಣಿಯಲ್ಲಿ ಕಲಸಿ ಹಾಕಬಹುದು. ದಿಂಡಿನ ತುಂಬ ನೀರೇ ಇರುವುದರಿಂದ ಬೆರೆಸುವ ನೀರು ಕಡಿಮೆ ಸಾಕು. ಕಣಿಕೆಯನ್ನು ಇಡಿಯಾಗಿ ಹಾಕಿದರೆ ತೇಲಿ ಕೆನೆಗಟ್ಟಿ ಅನಿಲದ ದಾರಿ ಮುಚ್ಚುತ್ತದೆ. ತೊಗರಿ ಕಟ್ಟಿಗೆ ಈ ಜೀವಿಗಳಿಗೆ ಜೀರ್ಣವಾಗದು, ಅದು ಒಲೆಗೇ ಇರಲಿ. ಮಿಲ್ಲಿನ ಹೊಟ್ಟು, ಚುನ್ನಿಗಳನ್ನು ಗುಂಡಿಗೆ ಹಾಕುವುದು ನನ್ನ ಮಟ್ಟಿಗೆ ನಷ್ಟದ ಬಾಬು. ದನ ತಿಂದರೆ ಹಾಲೂ ಬರುತ್ತದೆ, ಸೆಗಣಿಯೂ ಬರುತ್ತದೆ.

ಹೊಸ ಪದಾರ್ಥವನ್ನು ದಿನಕ್ಕೊಂದು ಬೊಗಸೆಯಂತೆ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಹೆಚ್ಚಿಸಿರಿ. ಬಗ್ಗಡ ಹುಳಿ ನಾತ ಹೊಡೆದು ಉರಿ ಹತ್ತದಿದ್ದರೆ ಒಂದು ವಾರ ಏನನ್ನೂ ಹಾಕಬೇಡಿರಿ; ಸ್ವಲ್ಪ ಸುಣ್ಣದ ತಿಳಿನೀರು ಬಿಟ್ಟು, ಆಮೇಲೆ ಅರ್ಧ ಪ್ರಮಾಣದಲ್ಲಿ ಬರೀ ಸೆಗಣಿ ಹಾಕಿರಿ. ಮೂಗಿಗೆ ಅಡರುವ ಮೂತ್ರದ ಘಾಟು ಬಂದರೆ ಸುಣ್ಣ ಸಲ್ಲದು. ಕೋಳಿ ಗೊಬ್ಬರ, ಗಂಜಲಗಳನ್ನು ನಿಲ್ಲಿಸಿ ನೀರು ಹೆಚ್ಚಿಸಿರಿ. ಗುಂಡಿ ಪೂರ್ತಿ ಸತ್ತಿದ್ದರೆ, ಚೆನ್ನಾಗಿ ನಡೆಯುತ್ತಿರುವ ನೆರೆಯವರ ಗುಂಡಿಯಿಂದ ಸಾಧ್ಯವಾದಷ್ಟು ಕೊಡ ಬಗ್ಗಡ ತಂದು ಸುರಿಯಿರಿ. ಹೆಪ್ಪು ಹಾಕಿದಂತೆ ಜೀವಿಗಳು ಅದರಿಂದ ಮತ್ತೆ ಹಬ್ಬುತ್ತವೆ.