ನಾಯಿಗಳನ್ನು ಜೊತೆಯಾಗಿ ಅಡ್ಡಾಡಿಸುವುದು

ಬಸವಾಪಟ್ಟಣದ ಸುತ್ತ ಅಡಿಕೆ ತೋಟ ಇದ್ದವರ ಮನೆಯಲ್ಲಿ ನಾಯಿಯೂ ಇರುವುದು ಸಾಮಾನ್ಯ. ಹಗಲೆಲ್ಲ ಸರಪಳಿ, ರಾತ್ರಿ ಕಾವಲು. ಇಂಥ ನಾಯಿ ಬೊಗಳುವುದನ್ನು ತಾನೇ ಕಲಿಯುತ್ತದೆ. ಇನ್ನೊಂದು ನಾಯಿಯ ಜೊತೆ ಹೊಂದಿಕೊಂಡಿರುವುದನ್ನು ಮಾತ್ರ ನಾವೇ ಕಲಿಸಬೇಕು. ಅಕ್ಕಪಕ್ಕದ ಮನೆಯವರು ಸೇರಿ ತಮ್ಮ ನಾಯಿಗಳನ್ನು ಒಟ್ಟಿಗೆ ಅಡ್ಡಾಡಿಸುವುದೇ ಅದಕ್ಕೆ ಸುಲಭದ ದಾರಿ.

ಕೊಯ್ಲಾದ ಹೊಲಗಳಿಗೆ ಕುರಿ ಹೊಡೆದುಕೊಂಡು ಬರುವವರನ್ನು ನೋಡಿದ್ದೀರಲ್ಲ? ಮಂದೆಯ ಜೊತೆ ಅವರ ನಾಯಿಗಳೂ ಬರುತ್ತವೆ. ಎಲ್ಲದರ ಮುಖವೂ ಒಂದೇ ದಿಕ್ಕಿಗೆ. ಒಂದನ್ನೊಂದು ದುರುಗುಟ್ಟಿಕೊಂಡು ನಿಲ್ಲಲು ಪುರಸೊತ್ತೇ ಇಲ್ಲ. ನಾವು ಮಾಡುವ ತಪ್ಪು ಇಲ್ಲಿದೆ: "ಪರಿಚಯ ಆಗಲಿ" ಎಂದು ಎರಡು ನಾಯಿಗಳನ್ನು ಎದುರುಬದುರು ತಂದು ನಿಲ್ಲಿಸುತ್ತೇವೆ. ನಾಯಿಯ ಭಾಷೆಯಲ್ಲಿ ನೇರ ದಿಟ್ಟಿಸುವುದು ಕಾಲು ಕೆರೆದು ಜಗಳಕ್ಕೆ ಕರೆದಂತೆ.

ಆದ್ದರಿಂದ ಮೊದಲ ದಿನ ಎರಡೇ ನಾಯಿ, ಒಂದೊಂದಕ್ಕೆ ಒಬ್ಬೊಬ್ಬರು. ನಾಲೆಯ ಏರಿಯಂಥ ಅಗಲ ದಾರಿಯಲ್ಲಿ ಹತ್ತು ಹದಿನೈದು ಅಡಿ ಅಂತರವಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ. ಮೈ ಸಡಿಲವಾಗಿ, ಬಾಲ ಆರಾಮವಾಗಿ ಆಡುತ್ತಿದ್ದರೆ ಸ್ವಲ್ಪ ಸ್ವಲ್ಪ ಹತ್ತಿರ ಬನ್ನಿ. ಬೆನ್ನ ಕೂದಲು ನಿಮಿರಿ, ಬಾಲ ಸೆಟೆದು ನಿಂತರೆ ಮತ್ತೆ ದೂರ ಸರಿಯಿರಿ, ಬೈಯಬೇಡಿ. ಇದಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ. ಮೂರನೆಯ ನಾಯಿ ಸೇರುವುದು ಆಮೇಲೆ.

ದಾರಿಯಲ್ಲಿ ಮೂಸಲು ಬಿಡಿ. ಮೂಸುವುದು ನಾಯಿಗೆ ಪೇಪರ್ ಓದಿದಂತೆ, ನಡಿಗೆಯಷ್ಟೇ ಅದಕ್ಕೆ ಮುಖ್ಯ. ಹಗ್ಗ ಸಡಿಲವಿರಲಿ, ಆದರೆ ಅಂಗೈಗೆ ಸುತ್ತಿಕೊಳ್ಳಬೇಡಿ. ನಾಯಿ ದಿಢೀರನೆ ಎಳೆದರೆ ಬೆರಳು ಉಳಿಯುವುದು ಕಷ್ಟ. ಮುಧೋಳದ ನಾಯಿ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಅದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ದೂರದಲ್ಲಿ ಮೊಲ ಚಿಮ್ಮಿದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿಯಾದರೂ ಹಗ್ಗದಿಂದ ಅದಕ್ಕೆ ವಿನಾಯಿತಿ ಇಲ್ಲ!

ತಿಂಡಿಯನ್ನು ಗುಂಪಿನ ನಡುವೆ ಎಸೆಯಬೇಡಿ, ಹೆಚ್ಚಿನ ಜಗಳ ಅಲ್ಲೇ ಹುಟ್ಟುತ್ತದೆ. ಕಚ್ಚಾಟ ಆಗಿಯೇಬಿಟ್ಟರೆ ನಡುವೆ ಕೈ ಹಾಕದೆ ನೀರು ಎರಚಿ, ಹಗ್ಗ ಹಿಡಿದು ಹಿಂದಕ್ಕೆಳೆಯಿರಿ. ಬೆದೆಗೆ ಬಂದ ಹೆಣ್ಣುನಾಯಿ ಆ ದಿನಗಳಲ್ಲಿ ಮನೆಯಲ್ಲೇ ಇರಲಿ. ಬೇಸಿಗೆಯಲ್ಲಿ ಡಾಂಬರು ರಸ್ತೆಗೆ ಇಳಿಯುವ ಮೊದಲು ಮುಂಗೈಯನ್ನು ಐದಾರು ಸೆಕೆಂಡು ಅದರ ಮೇಲಿಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯೇ ಎಂದು ಹುಡುಕಿ.

ಇನ್ನು ಚುಚ್ಚುಮದ್ದಿನ ಮಾತು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು, ಆಮೇಲೆ ಪಶುವೈದ್ಯರು ಹೇಳಿದ ಹೊತ್ತಿಗೆ ಮತ್ತೆ ಮತ್ತೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲ. ಲಸಿಕೆಯಾಗದ ನಾಯಿಯನ್ನು, ಅದು ಎಷ್ಟೇ ಸಾಧುವಾಗಿರಲಿ, ದಯವಿಟ್ಟು ಗುಂಪಿಗೆ ಕರೆತರಬೇಡಿ.